ರಣರಂಗದಿಂದ ಮನೆಗೆ ಬಂದವರ ಮನಸ್ಸಿನ ಆರೈಕೆ: ಮನೆಯವರಿಗೂ ಪಲ್ಟನ್ ಜೊತೆಗಾರರಿಗೂ ಒಂದು ಕೈಪಿಡಿ

ಕಾಶ್ಮೀರದ ರಾಷ್ಟ್ರೀಯ ರೈಫಲ್ಸ್ ಬೆಟಾಲಿಯನ್, ಸಿಯಾಚಿನ್ ಪೋಸ್ಟ್, ಬಸ್ತರ್ ಕಾಡಿನ ಸಿ.ಆರ್.ಪಿ.ಎಫ್. ಕ್ಯಾಂಪ್. ಇಂಥ ಕಡೆಗಳಿಂದ ಬೆಳಗಾವಿ, ಧಾರವಾಡ, ಗದಗ, ವಿಜಯಪುರ, ಹಾಸನ, ಕೊಡಗಿನ ಮನೆಗಳಿಗೆ ಕೆಲವರು ರಜೆಗೆ ಬರುತ್ತಾರೆ, ಕೆಲವರು ಸೇವೆ ಮುಗಿಸಿ ಬರುತ್ತಾರೆ. ಸ್ಟೇಷನ್ನಿನಲ್ಲಿ ಹಾರ ಹಾಕುವವರಿಗೆ ಕೊರತೆಯಿಲ್ಲ. ಬಂದ ಮೂರನೇ ವಾರ ರಾತ್ರಿ ಎರಡು ಗಂಟೆಗೆ ಎದ್ದು ಅಂಗಳ ಸುತ್ತುವ ಮನುಷ್ಯನ ಜೊತೆ ಹೇಗಿರಬೇಕೆಂದು ಹೇಳಿಕೊಡುವವರು ಮಾತ್ರ ಕಡಿಮೆ. ಈ ಬರಹ ಅವರ ಹೆಂಡತಿ, ತಂದೆತಾಯಿ, ಅಣ್ಣತಮ್ಮಂದಿರಿಗೆ, ಪಲ್ಟನ್ನಿನ ಜೊತೆಗಾರರಿಗೆ, ಓದುವ ಮನಸ್ಸಿದ್ದರೆ ಬಂದವರಿಗೇ.

ಒಂದು ಸಂಗತಿಯನ್ನು ಮೊದಲೇ ಮನದಟ್ಟು ಮಾಡಿಕೊಳ್ಳಿ. ಗುಂಡಿನ ಚಕಮಕಿಯ ನಡುವೆ ಪ್ರಾಣ ಉಳಿಸಿದ ಎಚ್ಚರವೇ ಮನೆಯಲ್ಲಿ ಕಾಯಿಲೆಯಂತೆ ಕಾಣುತ್ತದೆ. ಬಾಗಿಲ ಕಡೆ ಮುಖ ಮಾಡಿ ಕೂರುವುದು, ರಸ್ತೆಬದಿಯ ಕಸದ ಗುಡ್ಡೆ ಕಂಡರೆ ಬೈಕನ್ನು ನಡುರಸ್ತೆಗೆ ತಿರುಗಿಸುವುದು, ಕುಕ್ಕರ್ ಸೀಟಿಗೆ ಬೆಚ್ಚಿ ಕೆಳಗೆ ಬಾಗುವುದು, ಇವೆಲ್ಲ ಐ.ಇ.ಡಿ. (ಹೂತೋ ಬಚ್ಚಿಟ್ಟೋ ಇಡುವ ನಾಡಬಾಂಬು) ಇರುವ ಕಡೆ ಸರಿಯಾದ ಅಭ್ಯಾಸಗಳು. ಬಹುಮಂದಿಗೆ ಈ ಎಚ್ಚರ ವಾರಗಳು ಕಳೆದಂತೆ ತಾನಾಗಿ ಇಳಿಯುತ್ತದೆ. ಇಳಿಯದೆ ಬೇರೂರಿದಾಗ ಅದಕ್ಕೆ ನೀರೆರೆಯುವುದು ಹೆಚ್ಚಾಗಿ ಎರಡು ಅಭ್ಯಾಸಗಳು: ನೆನಪು ತರುವ ಪ್ರತಿಯೊಂದರಿಂದ ದೂರ ಓಡುವುದು, ಕುಡಿದು ಮಲಗುವುದು. ಮುಂದೆ ಹೇಳುವ ಉಪಾಯಗಳೆಲ್ಲ ಈ ಎರಡನ್ನು ಕಡಿಮೆ ಮಾಡುವುದಕ್ಕಾಗಿಯೇ ಇವೆ.

ಏನನ್ನು ಗಮನಿಸಬೇಕು, ಎಷ್ಟು ದಿನ ಕಾಯಬೇಕು

ಘಟನೆಯಾದ ಮೊದಲ ತಿಂಗಳಲ್ಲಿ ನಿದ್ದೆಗೆಡುವುದು, ಬೆಚ್ಚುವುದು, ಅಳು, ಸಿಟ್ಟು, ಏನೂ ಅನ್ನಿಸದ ಮರಗಟ್ಟಿದ ಸ್ಥಿತಿ, ಯಾವುದು ಬಂದರೂ ಅದಕ್ಕೆ ಕಾಯಿಲೆಯ ಹೆಸರು ಹಚ್ಚಲು ಅವಸರ ಬೇಡ. ತಿಂಗಳು ದಾಟಿದ ಮೇಲೂ ನಾಲ್ಕು ಬಗೆಯ ತೊಂದರೆ ಒಟ್ಟಿಗೆ ಉಳಿದು, ಮನೆ, ದುಡಿಮೆ, ಸಂಬಂಧಗಳು ಕೆಡುತ್ತಿದ್ದರೆ ವೈದ್ಯರು ಅದನ್ನು ಪಿ.ಟಿ.ಎಸ್.ಡಿ. (ಆಘಾತದ ನಂತರ ಉಳಿಯುವ ಮನಸ್ಸಿನ ಕಾಯಿಲೆ) ಎನ್ನುತ್ತಾರೆ. ಮೊದಲನೆಯದು, ನೆನಪು ಕರೆಯದೆ ನುಗ್ಗುವುದು: ಕೆಟ್ಟ ಕನಸು, ಡೀಸೆಲ್ ವಾಸನೆಗೋ ಸುಟ್ಟ ಮಾಂಸದ ವಾಸನೆಗೋ ಆ ದಿನವೇ ಕಣ್ಣೆದುರು ಮತ್ತೆ ನಡೆದಂತಾಗುವುದು. ಎರಡನೆಯದು ತಪ್ಪಿಸಿಕೊಳ್ಳುವುದು: ಯೂನಿಟ್ಟಿನ ವಾಟ್ಸಾಪ್ ಗುಂಪು ಬಿಡುವುದು, ಬಸ್ಸು ಹತ್ತದಿರುವುದು, ಮದುವೆ ಮನೆಗೆ ಬಾರದಿರುವುದು. ಮೂರನೆಯದು ಮನಸ್ಸು ಕುಗ್ಗುವುದು: ‘ತಪ್ಪು ನನ್ನದೇ’, ‘ಯಾರನ್ನೂ ನಂಬಬಾರದು’ ಎಂಬ ಮಾತುಗಳು, ಮಗುವನ್ನು ಎತ್ತಿಕೊಂಡರೂ ಪ್ರೀತಿ ಉಕ್ಕದಿರುವುದು. ನಾಲ್ಕನೆಯದು ಇಳಿಯದ ಎಚ್ಚರ: ಸಿಡುಕು, ಜೋರು ಡ್ರೈವಿಂಗ್, ನಿದ್ದೆಯಿಲ್ಲದ ರಾತ್ರಿ.

ಮನೆಯವರ ಕಣ್ಣಿಗೆ ಮೊದಲು ಬೀಳುವುದು ಕೊನೆಯದು. ಹೆಚ್ಚು ತಪ್ಪಿಹೋಗುವುದು ಮೂರನೆಯದು. ಗದ್ದಲ ಮಾಡುವ ಮನುಷ್ಯನನ್ನು ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಸುಮ್ಮನೆ ಮೂಲೆ ಹಿಡಿದವನನ್ನು ‘ಪಾಪ, ಒಳ್ಳೆಯವನು, ಯಾರ ತಂಟೆಗೂ ಹೋಗಲ್ಲ’ ಎಂದು ಬಿಟ್ಟುಬಿಡುತ್ತಾರೆ.

ತಡವಾಗಿಯೂ ಬರಬಹುದು. ಆರು ತಿಂಗಳ ನಂತರ, ಕೆಲವರಿಗೆ ವರ್ಷಗಳ ನಂತರ ಪೂರ್ಣವಾಗಿ ಕಾಣಿಸಿಕೊಳ್ಳುತ್ತದೆ. ಸೇವೆ ಮುಗಿಯುವ ಹೊತ್ತು ಇದಕ್ಕೆ ಸೂಕ್ಷ್ಮವಾದದ್ದು. ಸಿಪಾಯಿಯಾಗಿ ಸೇರಿದ ಬಹಳಷ್ಟು ಜನ ನಲವತ್ತರ ಆಸುಪಾಸಿನಲ್ಲೇ ಮನೆಗೆ ಬರುತ್ತಾರೆ. ಪಿ.ಟಿ., ರೋಲ್‌ಕಾಲ್, ಬಡ್ಡಿ (ಪಲ್ಟನ್ನಿನಲ್ಲಿ ಜೋಡಿಯಾಗಿರುವ ಜೊತೆಗಾರ), ಮೆಸ್ ಎಲ್ಲ ಒಂದೇ ದಿನ ನಿಂತುಹೋದಾಗ, ಅಷ್ಟು ವರ್ಷ ಕೆಲಸದ ಅಡಿಯಲ್ಲಿ ಒತ್ತಿಟ್ಟದ್ದು ಮೇಲೆ ಬರುತ್ತದೆ. 1999ರ ಕಾರ್ಗಿಲ್ ಕಂಡವರು ಈಗ ಐವತ್ತರ ಹತ್ತಿರ ಅಥವಾ ಅದನ್ನು ದಾಟಿದವರು. ಅವರಲ್ಲಿ ಈಗ ಮೊದಲ ಸಲ ಕನಸು ಶುರುವಾದರೆ ‘ಇಷ್ಟು ವರ್ಷ ಇಲ್ಲದ್ದು ಈಗೆಲ್ಲಿಂದ’ ಎಂದು ಅನುಮಾನಿಸಬೇಡಿ.

ಮನಸ್ಸಿನದೆಂದು ತೀರ್ಮಾನಿಸುವ ಮುನ್ನ ದೇಹವನ್ನೂ ನೋಡಿಸಿ. ಸ್ಫೋಟದ ಹತ್ತಿರವಿದ್ದವರಿಗೆ ಹೊರಗೆ ಗಾಯವಿಲ್ಲದಿದ್ದರೂ ಮೆದುಳಿಗೆ ಪೆಟ್ಟಾಗಿರಬಹುದು. ತಲೆನೋವು, ಮರೆವು, ಬೆಳಕು ಸಹಿಸದಿರುವುದು, ಸಿಡುಕು ಅದರಿಂದಲೂ ಬರುತ್ತವೆ. ಕಿವಿ ಮೊರೆತ, ಅರ್ಧ ಕಿವುಡು ಇದ್ದರೆ ಮಾತು ಕೇಳಿಸದೆ ಉತ್ತರಿಸದಿರುವುದನ್ನು ಮನೆಯವರು ಬೇಸರವೆಂದು ತಿಳಿಯುತ್ತಾರೆ. ಜೋರು ಗೊರಕೆ, ನಡುವೆ ಉಸಿರು ನಿಂತು ಮತ್ತೆ ಎಳೆದುಕೊಳ್ಳುವುದು ಇದ್ದರೆ ನಿದ್ದೆಯ ಪರೀಕ್ಷೆ ಬೇಕು. ಅದನ್ನು ಸರಿಪಡಿಸಿದರೆ ಕನಸುಗಳೇ ಕಡಿಮೆಯಾಗುವುದುಂಟು. ಥೈರಾಯ್ಡ್, ಬಿ.ಪಿ., ಸಕ್ಕರೆ ಪರೀಕ್ಷೆಗಳನ್ನೂ ಅದೇ ಸಲ ಮುಗಿಸಿಬಿಡಿ.

ರಾತ್ರಿ

ಚಿಕಿತ್ಸೆಗೆ ಇನ್ನೂ ಹೋಗಿಲ್ಲದವರು ಮನೆಯಲ್ಲೇ ಇವತ್ತೇ ಶುರುಮಾಡಬಹುದಾದದ್ದು ನಿದ್ದೆಯ ಕ್ರಮ. ಇದು ಸುಧಾರಿಸಿದರೆ ಸಿಟ್ಟು ಅರ್ಧ ಇಳಿಯುತ್ತದೆ.

ಮೊದಲು ಸುರಕ್ಷತೆ. ಕನಸಿನಲ್ಲಿ ಒದ್ದಾಡುವವರನ್ನು ಮೈಮುಟ್ಟಿ ಎಬ್ಬಿಸಬೇಡಿ. ಪೂರ್ತಿ ಎಚ್ಚರವಾಗುವ ಮೊದಲೇ ಅವರ ಕೈ ನಿಮ್ಮ ಕುತ್ತಿಗೆಗೆ ಬರಬಹುದು. ಆಮೇಲೆ ಅವರು ನಾಚಿಕೆಯಿಂದ ಬೇರೆ ಕೋಣೆ ಸೇರುತ್ತಾರೆ, ಅಲ್ಲಿಂದ ದಾಂಪತ್ಯದ ಬಿರುಕು ಶುರು. ಹಾಸಿಗೆಯ ಕಾಲುದೆಸೆಯಲ್ಲಿ ಕೈಗೆ ನಿಲುಕದಷ್ಟು ದೂರ ನಿಂತು, ದೀಪ ಹಾಕಿ, ಮಾಮೂಲಿ ದನಿಯಲ್ಲಿ ಹೆಸರು ಹಿಡಿದು ಕರೆಯಿರಿ. ‘ಮನೆಯಲ್ಲಿದ್ದೀರಿ, ನಾನು ಇಲ್ಲಿದ್ದೇನೆ’ ಎಂದು ನಿಮ್ಮ ಹೆಸರನ್ನೂ ಸೇರಿಸಿ ಹೇಳಿ. ಕಿರುಚಬೇಡಿ, ನೀರು ಎರಚಬೇಡಿ. ಮಗು ನಡುವೆ ಮಲಗುತ್ತಿದ್ದರೆ ಕನಸು ಹತೋಟಿಗೆ ಬರುವವರೆಗೆ ಬೇರೆ ಹಾಸಿಗೆ ಹಾಕಿ. ದಿಂಬಿನಡಿ ಚಾಕು, ಮಂಚದಡಿ ಕತ್ತಿ ಇದ್ದರೆ ಹಗಲಿನಲ್ಲಿ, ಅವರ ಒಪ್ಪಿಗೆಯಿಂದ ತೆಗೆಸಿ. ಬದಲಿಗೆ ಕೈಗೆ ಸಿಗುವ ಹಾಗೆ ಟಾರ್ಚ್ ಇಡಿ.

ಇನ್ನು ಕ್ರಮ. ಏಳುವ ಸಮಯ ಒಂದೇ, ಭಾನುವಾರವೂ ಅದೇ. ಮಲಗುವ ಸಮಯವನ್ನು ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ. ಒಂದು ವಾರ ಕಾಗದದಲ್ಲಿ ಬರೆದಿಡಿ: ಎಷ್ಟಕ್ಕೆ ಮಲಗಿದರು, ಎಷ್ಟು ಹೊತ್ತು ನಿಜವಾಗಿ ನಿದ್ದೆ ಬಂತು. ಹಾಸಿಗೆಯಲ್ಲಿ ಒಂಬತ್ತು ಗಂಟೆ ಕಳೆದು ನಿದ್ದೆ ಐದೂವರೆ ಗಂಟೆಯಾದರೆ, ಹಾಸಿಗೆಯ ಸಮಯವನ್ನೇ ಆರು ಗಂಟೆಗೆ ಇಳಿಸಿ. ರಾತ್ರಿ ಹನ್ನೊಂದೂವರೆಗೆ ಮಲಗಿ ಐದೂವರೆಗೆ ಏಳುವುದು. ಹಾಸಿಗೆಯಲ್ಲಿದ್ದ ಹೊತ್ತಿನ ಶೇಕಡ 85ರಷ್ಟು ನಿದ್ದೆಯೇ ಆಗುವ ವಾರ ಬಂದಾಗ 15 ನಿಮಿಷ ಸೇರಿಸಿ, ಹೀಗೆ ವಾರವಾರ ಏರಿಸಿ. ಐದು ಗಂಟೆಗಿಂತ ಕೆಳಗೆ ಇಳಿಸಬೇಡಿ. ಲಾರಿ ಓಡಿಸುವವರು, ಕಾರ್ಖಾನೆಯ ಯಂತ್ರದ ಮುಂದೆ ನಿಲ್ಲುವವರು, ಮೂರ್ಛೆರೋಗ ಇರುವವರು ಈ ಇಳಿಸುವ ವಿಧಾನವನ್ನು ವೈದ್ಯರ ಕಣ್ಣಳತೆಯಲ್ಲೇ ಮಾಡಬೇಕು. ಮೊದಲ ಎರಡು ವಾರ ಹಗಲು ತೂಕಡಿಕೆ ಹೆಚ್ಚಿರುತ್ತದೆ. ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಬೇರೆ ಕಡೆ ಕುಳಿತು, ಮಂದ ಬೆಳಕಿನಲ್ಲಿ ಏನಾದರೂ ಮಾಡಿ, ತೂಕಡಿಕೆ ಬಂದಾಗ ಮರಳಬೇಕು. ಮಧ್ಯಾಹ್ನ ಎರಡರ ನಂತರ ಚಹಾ ಕಾಫಿ ಇಲ್ಲ. ಪಲ್ಟನ್ ಚಹಾದ ಅಭ್ಯಾಸವಿದ್ದವರಿಗೆ ಇದು ಕಷ್ಟ, ಆದರೂ ಫಲ ಬೇಗ ಕಾಣುತ್ತದೆ. ಬಾಗಿಲ ಚಿಲಕ ನೋಡುವ ಗಸ್ತು ಮಲಗುವ ಮುನ್ನ ಒಂದೇ ಸುತ್ತು. ಎರಡನೇ ಸುತ್ತಿಗೆ ಏಳುವ ತವಕ ಬಂದರೆ ಎದ್ದು ನೋಡುವ ಬದಲು ಹತ್ತು ನಿಮಿಷ ತಡೆದು ನೋಡಬೇಕು. ಫೋನಿನಲ್ಲಿ ಎನ್‌ಕೌಂಟರ್ ವಿಡಿಯೊ, ಗಡಿ ಸುದ್ದಿಯ ಚರ್ಚೆ ಸಂಜೆ ಎಂಟರ ನಂತರ ಬೇಡ.

ಒಂದೇ ಕನಸು ಮತ್ತೆ ಮತ್ತೆ ಬರುತ್ತಿದ್ದರೆ ಅದನ್ನು ಹಗಲಿನಲ್ಲಿ ಬದಲಿಸಿ ಬರೆಯುವ ವಿಧಾನವಿದೆ. ಅತಿ ಭೀಕರವಾದದ್ದನ್ನು ಮೊದಲು ಮುಟ್ಟಬಾರದು, ನಡುಮಟ್ಟದ ಒಂದನ್ನು ಆರಿಸಿ. ಕನಸನ್ನು ಒಂದು ಪುಟದಲ್ಲಿ ಬರೆಯಿರಿ. ಪಲ್ಟನ್ನಿನಲ್ಲಿ ಹಿಂದಿಯಲ್ಲಿ ನಡೆದದ್ದು ಕನಸಿನಲ್ಲೂ ಹಿಂದಿಯಲ್ಲೇ ಬರುತ್ತಿದ್ದರೆ ಹಾಗೆಯೇ ಬರೆಯಿರಿ. ಬಳಿಕ ಎಲ್ಲಿ ಬೇಕೋ ಅಲ್ಲಿಂದ ಕತೆಯನ್ನು ನಿಮಗೆ ಬೇಕಾದ ಹಾಗೆ ತಿರುಗಿಸಿ ಹೊಸದಾಗಿ ಬರೆಯಿರಿ. ಗೆಲ್ಲಲೇಬೇಕೆಂದಿಲ್ಲ: ಕಾನ್ವಾಯ್ (ವಾಹನಗಳ ಸಾಲು) ನಿಂತು ಎಲ್ಲರೂ ಇಳಿದು ಚಹಾ ಕುಡಿದರು ಎಂದರೂ ಸಾಕು. ಹೊಸ ರೂಪವನ್ನು ಮಾತ್ರ ದಿನಕ್ಕೆ 10ರಿಂದ 20 ನಿಮಿಷ ಕಣ್ಣುಮುಚ್ಚಿ ಚಿತ್ರದಂತೆ ನೋಡಿ. ಹಳೆಯದನ್ನು ಮತ್ತೆ ಮತ್ತೆ ಓದುವುದು ಇಲ್ಲಿ ಆಗುವ ಸಾಮಾನ್ಯ ತಪ್ಪು. ವಾರಕ್ಕೆ ಎರಡಕ್ಕಿಂತ ಹೆಚ್ಚು ಕನಸುಗಳನ್ನು ಹಿಡಿಯಬೇಡಿ. ಕೆಲವು ವಾರ ಬಿಡದೆ ಮಾಡಿದರೆ ಕನಸು ಬರುವ ಸಲ ಕಡಿಮೆಯಾಗುತ್ತದೆ, ಇಲ್ಲವೆ ಅದರ ಮೊನೆ ಮುರಿಯುತ್ತದೆ.

ಹಗಲಿನಲ್ಲಿ ಆ ದಿನವೇ ಮರಳಿದಾಗ

ಕಣ್ಣು ತೆರೆದೇ ಇರಲಿ. ಪಾದ ಎರಡೂ ನೆಲಕ್ಕೆ ಒತ್ತಿ, ಕೈಗೆ ಸಿಗುವ ಗಟ್ಟಿ ವಸ್ತುವನ್ನು ಹಿಡಿದು, ಊರು, ತಿಂಗಳು, ಎದುರಿಗಿರುವವರ ಹೆಸರನ್ನು ಬಾಯಿಬಿಟ್ಟು ಹೇಳಬೇಕು. ‘ಇದು ಹುಕ್ಕೇರಿ. ನವೆಂಬರ್ ತಿಂಗಳು. ಇದು ನಮ್ಮ ಅಂಗಡಿ.’ ಮುಖಕ್ಕೆ ತಣ್ಣೀರು. ಉಸಿರನ್ನು ನಾಲ್ಕು ಎಣಿಸುವವರೆಗೆ ಎಳೆದು, ಆರು ಎಣಿಸುವವರೆಗೆ ಬಿಡುವುದು. ಬಿಡುವ ಉಸಿರು ಉದ್ದವಾದರೆ ಎದೆಬಡಿತ ನಿಧಾನವಾಗುತ್ತದೆ. ಇದನ್ನು ನೆಮ್ಮದಿಯ ಹೊತ್ತಿನಲ್ಲಿ ದಿನಕ್ಕೆರಡು ಸಲ ಐದೈದು ನಿಮಿಷ ಕಲಿತಿರಬೇಕು. ಕಲಿಯದೆ ಗಾಬರಿಯ ಹೊತ್ತಿನಲ್ಲಿ ಮೊದಲ ಸಲ ಮಾಡಹೊರಟರೆ ಉಸಿರು ಸಿಗುತ್ತಿಲ್ಲ ಎಂಬ ಭಯವೇ ಹೆಚ್ಚುತ್ತದೆ. ಸುತ್ತ ಇರುವವರು ಗುಂಪುಗಟ್ಟಬೇಡಿ, ತಬ್ಬಿ ಹಿಡಿಯಬೇಡಿ, ಹೊರಹೋಗುವ ದಾರಿಗೆ ಅಡ್ಡ ನಿಲ್ಲಬೇಡಿ. ಒಬ್ಬರೇ ಮಾತಾಡಿ.

ದೀಪಾವಳಿ, ಜಾತ್ರೆ, ಕೈಲ್‌ಪೊಳ್ದ್

ಸದ್ದಿನ ಸಮಸ್ಯೆಗೆ ಹಬ್ಬದ ದಿನ ಪರಿಹಾರವಿಲ್ಲ. ಎರಡು ತಿಂಗಳು ಮೊದಲು ಶುರುಮಾಡಬೇಕು. ಹೆದರಿಸುವ ಸನ್ನಿವೇಶಗಳನ್ನೆಲ್ಲ ಬರೆದು ಪ್ರತಿಯೊಂದಕ್ಕೂ ಸೊನ್ನೆಯಿಂದ ನೂರರವರೆಗೆ ಅಂಕ ಕೊಡಿ. ಫೋನಿನಲ್ಲಿ ಸಣ್ಣ ದನಿಗೆ ಪಟಾಕಿ ಸದ್ದು ಕೇಳುವುದು 25 ಇರಬಹುದು. ಅದೇ ಸದ್ದು ಜೋರಾಗಿ, 40. ಮಗ ಅಂಗಳದಲ್ಲಿ ಹೇಳಿ ಒಂದು ಲಕ್ಷ್ಮಿ ಪಟಾಕಿ ಹಚ್ಚುವುದು, 55. ಸಂತೆಯ ನಡುವೆ ಅರ್ಧ ಗಂಟೆ ನಿಲ್ಲುವುದು, 60. ಹೇಳದೆ ಸಿಡಿಯುವ ಸುತಳಿ ಬಾಂಬು, 80. ರಥೋತ್ಸವದ ದಿನ ತೇರಿನ ಪಕ್ಕ ನಿಲ್ಲುವುದು, 95. ಕೆಳಗಿನ ಮೆಟ್ಟಿಲಿನಿಂದ ಹಿಡಿದು, ಒಂದೊಂದರಲ್ಲೂ ಅಂಕ ಅರ್ಧಕ್ಕಿಳಿಯುವವರೆಗೆ ಅಥವಾ 45 ನಿಮಿಷದವರೆಗೆ ಉಳಿಯಬೇಕು. ಅದನ್ನೇ ಮರುದಿನ, ಅದರ ಮರುದಿನ. ಬೇಸರ ಬರುವಷ್ಟು ಆದಾಗ ಮುಂದಿನ ಮೆಟ್ಟಿಲು.

ಕೆಡುವುದು ಮೂರು ಕಡೆ. ಭಯ ಏರುವ ತುತ್ತತುದಿಯಲ್ಲಿ ಎದ್ದು ಹೋದರೆ ‘ಓಡಿದ್ದಕ್ಕೇ ಉಳಿದೆ’ ಎಂದು ಮೆದುಳು ಕಲಿಯುತ್ತದೆ. ಮುಂದಿನ ಸಲ ಭಯ ಇನ್ನೂ ಮೇಲಿನಿಂದ ಶುರುವಾಗುತ್ತದೆ. ಒಂದು ಪೆಗ್ ಹಾಕಿಕೊಂಡು ಹೋದರೆ ಕಲಿಕೆಯೇ ಆಗುವುದಿಲ್ಲ. ಗೋಡೆಗೆ ಬೆನ್ನು ಒತ್ತಿ, ಪ್ರತಿ ಕೈಚೀಲವನ್ನು ಕಣ್ಣಲ್ಲೇ ತಪಾಸಣೆ ಮಾಡುತ್ತ ನಿಂತರೆ ದೇಹ ಸಂತೆಯಲ್ಲಿದ್ದರೂ ಮನಸ್ಸು ಪೋಸ್ಟಿನಲ್ಲೇ ಇರುತ್ತದೆ. ನಿಧಾನವಾಗಿ ಗೋಡೆ ಬಿಟ್ಟು ನಿಲ್ಲುವುದೂ ಒಂದು ಮೆಟ್ಟಿಲೇ. ಆತ್ಮಹತ್ಯೆಯ ಯೋಚನೆ ಇರುವವರು, ನಡುವೆ ಪರಿವೆ ತಪ್ಪುವವರು ಇದನ್ನು ಮನೆಯಲ್ಲಿ ಸ್ವಂತ ಮಾಡಬಾರದು, ತಜ್ಞರ ಜೊತೆಯಲ್ಲೇ ಮಾಡಬೇಕು.

ಈ ವರ್ಷ ಸಿದ್ಧತೆ ಆಗಿಲ್ಲವೆಂದರೆ ಹಬ್ಬದ ಜೋರು ಸಂಜೆ ತೋಟದ ಮನೆಗೋ ಸಂಬಂಧಿಕರ ಹಳ್ಳಿಗೋ ಹೋಗಿಬರುವುದರಲ್ಲಿ ಸೋಲೇನೂ ಇಲ್ಲ. ಅಕ್ಕಪಕ್ಕದವರಿಗೆ ಹೇಳಿ, ಹಚ್ಚುವ ಹೊತ್ತು ಕೇಳಿಕೊಳ್ಳಿ. ಗೊತ್ತಿದ್ದು ಬರುವ ಸದ್ದು ಅಷ್ಟು ಕಾಡುವುದಿಲ್ಲ. ಪ್ರತಿ ವರ್ಷ ಹೋಗುವುದು ಮಾತ್ರ ಅಭ್ಯಾಸವಾಗಬಾರದು. ಕೊಡಗಿನಲ್ಲಿ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಕ್ಕೆ ಮಾಜಿ ಸೈನಿಕನನ್ನೇ ಮೊದಲು ಕರೆಯುತ್ತಾರೆ. ಒಲ್ಲೆ ಎಂದರೆ ಒತ್ತಾಯಿಸಬೇಡಿ, ಕಾರಣವನ್ನೂ ಎಲ್ಲರೆದುರು ಕೇಳಬೇಡಿ.

ವಾರ್ಷಿಕ ದಿನಗಳೂ ಹಬ್ಬದಷ್ಟೇ ಮುಖ್ಯ. ಘಟನೆ ನಡೆದ ತಾರೀಖು ಹತ್ತಿರ ಬಂದಂತೆ ಕಾರಣ ತಿಳಿಯದೆ ಸಿಡುಕು ಏರುತ್ತದೆ. ಪುಲ್ವಾಮಾದಲ್ಲಿ ಜೊತೆಗಾರರನ್ನು ಕಳೆದುಕೊಂಡ ಸಿ.ಆರ್.ಪಿ.ಎಫ್. ಜವಾನರಿಗೆ ಫೆಬ್ರುವರಿ 14, ದೇಶವಿಡೀ ಟಿ.ವಿ.ಯಲ್ಲಿ ಅದನ್ನೇ ತೋರಿಸುವ ದಿನ. ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಹಿಂದುಮುಂದಿನ ಒಂದು ವಾರ ದೊಡ್ಡ ನಿರ್ಧಾರ, ದೂರದ ಡ್ರೈವಿಂಗ್, ಒಂಟಿ ರಾತ್ರಿ ಬೇಡವೆಂದು ಮೊದಲೇ ಮಾತಾಡಿಕೊಳ್ಳಿ.

ಕ್ಯಾಂಟೀನ್ ಬಾಟಲಿ

ಕುಡಿದರೆ ನಿದ್ದೆ ಬೇಗ ಹತ್ತುವುದು ನಿಜ. ಆದರೆ ಮದ್ಯ ರಾತ್ರಿಯ ಮೊದಲ ಭಾಗದ ಕನಸಿನ ನಿದ್ದೆಯನ್ನು ಒತ್ತಿಹಿಡಿಯುತ್ತದೆ. ಅದರ ಪ್ರಭಾವ ಇಳಿದಾಗ ನಸುಕಿನಲ್ಲಿ ಕನಸು ಇಮ್ಮಡಿಯಾಗಿ ನುಗ್ಗುತ್ತದೆ, ಬೆವರಿ ಎಚ್ಚರವಾಗುತ್ತದೆ. ಮರುದಿನದ ಪ್ರಮಾಣ ಹೆಚ್ಚುತ್ತದೆ. ಲೆಕ್ಕ ಇಟ್ಟುಕೊಳ್ಳಿ: ಶೇಕಡ 42.8ರ ರಮ್ 30 ಮಿ.ಲೀ. ಎಂದರೆ ಸುಮಾರು 10 ಗ್ರಾಂ ಶುದ್ಧ ಮದ್ಯ; 750 ಮಿ.ಲೀ. ಬಾಟಲಿಯಲ್ಲಿ ಅಂಥವು 25. ಬಾಟಲಿ ಎಷ್ಟು ದಿನಕ್ಕೆ ಖಾಲಿಯಾಗುತ್ತದೆ ಎಂದು ನೋಡಿದರೆ ದಿನದ ಪ್ರಮಾಣ ಗೊತ್ತಾಗುತ್ತದೆ, ಜಗಳ ಬೇಕಿಲ್ಲ.

ದಿನಾ ಹೆಚ್ಚು ಕುಡಿಯುವವರನ್ನು ಒಮ್ಮೆಲೇ ನಿಲ್ಲಿಸಲು ಮನೆಯವರು ಬಾಟಲಿ ಮುಚ್ಚಿಡುವುದು ಅಪಾಯ. ನಿಲ್ಲಿಸಿದ 6ರಿಂದ 24 ಗಂಟೆಯಲ್ಲಿ ಕೈನಡುಕ, ಬೆವರು, ಎದೆಬಡಿತ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡನೆಯಿಂದ ನಾಲ್ಕನೇ ದಿನದ ನಡುವೆ ಇಲ್ಲದ್ದು ಕಾಣುವುದು, ಜ್ವರ, ದಿಕ್ಕುತಪ್ಪಿದ ಮಾತು ಬಂದರೆ ಪ್ರಾಣಕ್ಕೇ ಕುತ್ತು, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಹಿಂದೊಮ್ಮೆ ಫಿಟ್ಸ್ ಬಂದಿದ್ದವರು, ಬೆಳಗ್ಗೆ ಎದ್ದೊಡನೆ ಕುಡಿಯದಿದ್ದರೆ ನಡುಗುವವರು ಆಸ್ಪತ್ರೆಯಲ್ಲೇ ನಿಲ್ಲಿಸಬೇಕು. ಅಲ್ಲಿ ಮದ್ಯದ ಬದಲಿ ಔಷಧಿಯನ್ನು ದಿನದಿಂದ ದಿನಕ್ಕೆ ಇಳಿಸುತ್ತಾರೆ, ಥಯಾಮಿನ್ (ಬಿ1 ಜೀವಸತ್ವ) ಕೊಡುತ್ತಾರೆ. ಮೊದಲು ಕುಡಿತ ಬಿಟ್ಟು ಬಾ, ಆಮೇಲೆ ಮನಸ್ಸಿನ ಚಿಕಿತ್ಸೆ ಎಂದು ಮುಂದೂಡುವುದು ಹಳೆಯ ಪದ್ಧತಿ. ಎರಡೂ ಜೊತೆಯಾಗಿ ನಡೆಯಬೇಕು.

ಬಡ್ಡಿಯ ಕೆಲಸ ಮನೆಗೆ ಬಂದ ಮೇಲೂ ಇದೆ

ಹೆಂಡತಿಗೆ ಹೇಳದ್ದನ್ನು, ಡಾಕ್ಟರಿಗೆ ಹೇಳದ್ದನ್ನು ಯೋಧ ಜೊತೆಗಾರನಿಗೆ ಹೇಳುತ್ತಾನೆ. ಈ ನಂಟನ್ನು ರೈಸಿಂಗ್ ಡೇ (ಪಲ್ಟನ್ ಹುಟ್ಟಿದ ದಿನ) ಶುಭಾಶಯಕ್ಕೆ, ವಾಟ್ಸಾಪ್ ಫಾರ್ವರ್ಡಿಗೆ ಸೀಮಿತ ಮಾಡುವುದು ದೊಡ್ಡ ನಷ್ಟ. ಒಂದೇ ಸೆಕ್ಷನ್ನಿನಲ್ಲಿ (ಪಲ್ಟನ್ನಿನ ಚಿಕ್ಕ ತುಕಡಿ) ಇದ್ದವರು ಊರಿಗೆ ಮರಳುವ ಮುನ್ನವೇ ಇಬ್ಬಿಬ್ಬರ ಜೋಡಿ ಮಾಡಿಕೊಳ್ಳಿ. ಮೊದಲ ಮೂರು ತಿಂಗಳು ವಾರಕ್ಕೊಂದು ಫೋನ್, ಆಮೇಲೆ ಎರಡು ವಾರಕ್ಕೊಂದು, ದಿನ ಮತ್ತು ಹೊತ್ತು ನಿಗದಿಯಾಗಿರಲಿ. ಸತತ ಎರಡು ಕರೆ ಎತ್ತದಿದ್ದರೆ ಮನೆಯವರ ನಂಬರಿಗೆ ಮಾಡುವುದೆಂದು ಮೊದಲೇ ಒಪ್ಪಂದವಿರಲಿ.

‘ಹೇಗಿದ್ದೀಯಾ’ ಎಂದರೆ ‘ಎಲ್ಲ ಚೆನ್ನಾಗಿದೆ’ ಎಂದೇ ಉತ್ತರ ಬರುತ್ತದೆ. ‘ನಿನ್ನೆ ರಾತ್ರಿ ಎಷ್ಟು ಗಂಟೆ ಮಲಗಿದೆ? ಈ ವಾರ ಎಷ್ಟು ಕುಡಿದೆ? ಮನೆಯಿಂದ ಹೊರಗೆ ಎಷ್ಟು ಸಲ ಹೋದೆ?’ ಎಂದು ಕೇಳಿ. ಕತೆ ಬಿಚ್ಚಲು ಒತ್ತಾಯ ಬೇಡ. ಘಟನೆ ನಡೆದೊಡನೆ ಎಲ್ಲರನ್ನೂ ಕೂರಿಸಿ ವಿವರ ಹೇಳಿಸುವ ಒಂದೇ ಬೈಠಕ್‌ನಿಂದ ಕಾಯಿಲೆ ತಪ್ಪುವುದಿಲ್ಲವೆಂದು ಅಧ್ಯಯನಗಳು ತೋರಿಸಿವೆ, ಕೆಲವರಿಗೆ ಕೆಡುಕೂ ಆಗಿದೆ. ಮೊದಲ ದಿನಗಳಲ್ಲಿ ಬೇಕಾದದ್ದು ಊಟ, ನಿದ್ದೆ, ಸುರಕ್ಷಿತ ಜಾಗ, ಮನೆಗೆ ಒಂದು ಫೋನು, ಪಕ್ಕದಲ್ಲಿ ಗೊತ್ತಿದ್ದ ಮುಖ.

ಸತ್ತ ಗೆಳೆಯನ ವಿಷಯದಲ್ಲಿ ಅಪರಾಧಭಾವ ಬಂದಾಗ ‘ನಿನ್ನ ತಪ್ಪೇನಿಲ್ಲ ಬಿಡು’ ಎಂದು ಬಾಯಿ ಮುಚ್ಚಿಸಬೇಡಿ. ಆ ಕ್ಷಣ ನಿನಗೆ ಏನು ಗೊತ್ತಿತ್ತು, ಏನು ಕಾಣುತ್ತಿತ್ತು, ಎಷ್ಟು ಸೆಕೆಂಡು ಇತ್ತು ಎಂದು ನಿಧಾನವಾಗಿ ಕೇಳಿ. ಆಮೇಲೆ ತಿಳಿದದ್ದನ್ನು ಅಂದೇ ತಿಳಿದಿತ್ತೆಂದು ಮನಸ್ಸು ಬೆರೆಸಿಬಿಡುತ್ತದೆ. ಹೊಣೆಯನ್ನು ಕಾಗದದಲ್ಲಿ ನೂರು ಪಾಲು ಮಾಡಿ: ಐ.ಇ.ಡಿ. ಹೂತವನಿಗೆ ಎಷ್ಟು, ಮಂಜಿಗೆ ಎಷ್ಟು, ದಾರಿ ಗೊತ್ತುಮಾಡಿದ ಆದೇಶಕ್ಕೆ ಎಷ್ಟು, ಕೆಟ್ಟುಹೋದ ವೈರ್‌ಲೆಸ್ ಸೆಟ್ಟಿಗೆ ಎಷ್ಟು. ತನ್ನ ಪಾಲನ್ನು ಕೊನೆಗೆ ಬರೆಯಬೇಕು. ನಿಜವಾಗಿಯೂ ತಪ್ಪು ನಡೆದಿದ್ದರೆ, ಅಮಾಯಕರ ಜೀವ ಹೋಗಿದ್ದರೆ, ಈ ಲೆಕ್ಕ ಸಾಲದು. ಅದಕ್ಕೆ ನುರಿತ ಚಿಕಿತ್ಸಕರು ಬೇಕು. ನಂಬಿಕೆಯುಳ್ಳವರಿಗೆ ಪಲ್ಟನ್ನಿನ ಧರ್ಮಗುರುವೂ ನೆರವಾಗುತ್ತಾರೆ.

ಹುತಾತ್ಮನ ಮನೆಗೆ ಹೋಗಬೇಕೆಂಬ ಆಸೆ ಬಹಳ ಜನರಲ್ಲಿದೆ, ಧೈರ್ಯ ಸಾಲದೆ ವರ್ಷಗಟ್ಟಲೆ ಮುಂದೆ ಹಾಕುತ್ತಾರೆ. ಇಬ್ಬರು ಜೊತೆಯಾಗಿ ಹೋಗಿ. ಮೊದಲ ಭೇಟಿ ಪುಣ್ಯತಿಥಿಯ ದಿನ ಬೇಡ, ಅವತ್ತು ಜನ, ಭಾಷಣ, ಕ್ಯಾಮೆರಾ ಇರುತ್ತವೆ. ‘ಕೊನೆಗೆ ನೋವಾಯಿತಾ?’ ಎಂದು ತಾಯಿ ಕೇಳಿಯೇ ಕೇಳುತ್ತಾರೆ. ಸುಳ್ಳಿಲ್ಲದ, ಗಾಯದ ವಿವರವೂ ಇಲ್ಲದ ಉತ್ತರವನ್ನು ಹೊರಡುವ ಮುನ್ನವೇ ಇಬ್ಬರೂ ಮಾತಾಡಿಕೊಂಡಿರಿ. ಅವನು ಮೆಸ್‌ನಲ್ಲಿ ಏನು ತಿನ್ನುತ್ತಿದ್ದ, ಯಾರನ್ನು ರೇಗಿಸುತ್ತಿದ್ದ, ಮನೆಯ ಬಗ್ಗೆ ಏನು ಹೇಳುತ್ತಿದ್ದ ಎಂಬುದನ್ನು ಹೇಳಿ, ಅವರಿಗೆ ಬೇಕಿರುವುದು ಅದು. ಕೆಲಸ, ಸೈಟು, ಪಿಂಚಣಿಯ ಭರವಸೆ ಕೊಡಬೇಡಿ. ಪಿಂಚಣಿಯಲ್ಲಿ ತೊಡಕಿದ್ದರೆ ಕಾಗದಗಳ ಜೊತೆ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಅವರ ಜೊತೆ ಒಂದು ಸಲ ಹೋಗಿಬನ್ನಿ.

ಬಂದೂಕು, ಕೀಟನಾಶಕ, ನೇರ ಪ್ರಶ್ನೆ

‘ಸಾಯಬೇಕು ಅನ್ನಿಸುತ್ತಿದೆಯಾ?’ ಎಂದು ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಕೇಳದಿರುವುದರಿಂದಲೇ ಅದು ಒಳಗೆ ಬೆಳೆಯುತ್ತದೆ. ಹೌದೆಂದರೆ, ಯಾವಾಗ, ಹೇಗೆ ಎಂದು ಯೋಚಿಸಿದ್ದಾರೆಯೇ, ಅದಕ್ಕೆ ಬೇಕಾದದ್ದು ಕೈಗೆಟುಕುವಲ್ಲಿದೆಯೇ ಎಂದೂ ಕೇಳಿ. ಉತ್ತರ ಹೌದಾದರೆ ಒಂಟಿಯಾಗಿ ಬಿಡದೆ ಅದೇ ದಿನ ಆಸ್ಪತ್ರೆಗೆ.

ಇಂಥ ತವಕ ಬಹಳ ಸಲ ನಿಮಿಷಗಳಲ್ಲಿ, ಗಂಟೆಗಳಲ್ಲಿ ಏರಿ ಇಳಿಯುವಂಥದ್ದು. ಆ ಹೊತ್ತಿನಲ್ಲಿ ಸಾಧನ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಕೊಡಗಿನ ಬಹಳ ಮನೆಗಳಲ್ಲಿ ಬಂದೂಕು ಇದೆ. ಮಾಜಿ ಸೈನಿಕರು ಬ್ಯಾಂಕ್ ಕಾವಲಿಗೆ ಸ್ವಂತ ಪರವಾನಗಿಯ ಡಬಲ್ ಬ್ಯಾರೆಲ್ ಇಟ್ಟುಕೊಳ್ಳುವುದೂ ಇದೆ. ಸಾಧ್ಯವಾದರೆ ಕೆಲವು ತಿಂಗಳು ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿಯುಳ್ಳ ಡೀಲರ್ ಬಳಿ ಠೇವಣಿ ಇಡಿ, ರಸೀದಿ ತೆಗೆದುಕೊಳ್ಳಿ. ಅದಾಗದಿದ್ದರೆ ಬಂದೂಕು ಒಂದು ಬೀಗದಲ್ಲಿ, ತೋಟಾ ಇನ್ನೊಂದು ಮನೆಯಲ್ಲಿ, ಬೀಗದ ಕೈ ಮೂರನೆಯವರಲ್ಲಿ. ಕಸಿದುಕೊಂಡಂತೆ ಮಾಡಿದರೆ ಯೋಧನ ಮಾನಕ್ಕೆ ಪೆಟ್ಟು. ‘ನಿನ್ನ ನಿದ್ದೆ ಸರಿಯಾಗುವವರೆಗೆ ಇದನ್ನು ಬೇರೆ ಕಡೆ ಇಡೋಣ’ ಎಂದು ಬಡ್ಡಿಯೇ ಹೇಳಿದರೆ ಒಪ್ಪುತ್ತಾರೆ. ಹೊಲದ ಮನೆಯ ಕೀಟನಾಶಕಕ್ಕೂ ಇದೇ ನಿಯಮ: ಬೀಗ ಹಾಕಿದ ಪೆಟ್ಟಿಗೆ, ಮನೆಯಿಂದ ದೂರ, ಬೇಕಾದಷ್ಟು ಮಾತ್ರ ಖರೀದಿ. ತಿಂಗಳ ಮಾತ್ರೆ ಒಟ್ಟಿಗೆ ಅವರ ಕೈಯಲ್ಲಿರುವುದೂ ಬೇಡ, ವಾರವಾರ ಕೊಡಿ.

ಒಂದು ಕಾರ್ಡಿನಲ್ಲಿ ಅವರದೇ ಕೈಬರಹದಲ್ಲಿ ಈ ಕ್ರಮದಲ್ಲಿ ಬರೆಸಿ ಪರ್ಸಿನಲ್ಲಿಡಿಸಿ:

1. ತವಕ ಏರುವ ಮುನ್ನ ನನ್ನಲ್ಲಿ ಕಾಣುವ ಗುರುತುಗಳು.
2. ಒಬ್ಬನೇ ಮಾಡಬಹುದಾದದ್ದು: ಸ್ನಾನ, ನಡಿಗೆ, ದನಕ್ಕೆ ಮೇವು.
3. ಹೋಗಿ ಕೂರಬಹುದಾದ ಜನರಿರುವ ಜಾಗ.
4. ಫೋನ್ ಮಾಡುವ ಇಬ್ಬರ ಹೆಸರು, ನಂಬರ್.
5. ವೈದ್ಯರು, ಟೆಲಿ ಮಾನಸ್ (ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ) 14416, ತುರ್ತಿಗೆ 112.
6. ಸಾಧನಗಳನ್ನು ಎಲ್ಲಿ, ಯಾರ ಬಳಿ ಇಟ್ಟಿದೆ.

ಪ್ರಯತ್ನ ನಡೆದುಹೋಗಿದ್ದರೆ ಪೊಲೀಸ್ ಕೇಸಿನ ಭಯಕ್ಕೆ ಆಸ್ಪತ್ರೆ ತಪ್ಪಿಸಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮಿನ ಪ್ರಕಾರ ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು. ಶಿಕ್ಷೆಯ ಮಾತಿಲ್ಲ, ಆರೈಕೆ ಸರ್ಕಾರದ ಹೊಣೆ.

ಚಿಕಿತ್ಸೆ, ಆಸ್ಪತ್ರೆ, ಕಾಗದಪತ್ರ

ಮೊದಲ ಆಯ್ಕೆ ಮಾತ್ರೆಗಿಂತ ಮಾತಿನ ಚಿಕಿತ್ಸೆ. ಆಘಾತದ ನೆನಪನ್ನು ನೇರವಾಗಿ ಮುಟ್ಟುವ ಮೂರು ಬಗೆಗಳಿಗೆ ಒಳ್ಳೆಯ ಆಧಾರವಿದೆ: ಪ್ರೊಲಾಂಗ್ಡ್ ಎಕ್ಸ್‌ಪೋಶರ್ (ನೆನಪನ್ನು ಮತ್ತೆ ಮತ್ತೆ ಎದುರಿಸುವುದು; 90 ನಿಮಿಷದ 8ರಿಂದ 15 ಭೇಟಿ), ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿ (ಘಟನೆಯ ಬಗೆಗಿನ ಯೋಚನೆಗಳನ್ನು ಪರಿಶೀಲಿಸುವುದು; ಸುಮಾರು 12 ಭೇಟಿ), ಇ.ಎಂ.ಡಿ.ಆರ್. (ಕಣ್ಣನ್ನು ಅತ್ತಿತ್ತ ಆಡಿಸುತ್ತ ನೆನಪನ್ನು ಮುಟ್ಟುವುದು). ‘ಇವುಗಳಲ್ಲಿ ಯಾವುದರಲ್ಲಿ ತರಬೇತಿ ಪಡೆದಿದ್ದೀರಿ?’ ಎಂದು ಕೇಳಲು ಸಂಕೋಚ ಬೇಡ. ಮೂರ್ನಾಲ್ಕನೇ ಭೇಟಿಯ ಹೊತ್ತಿಗೆ ಕೆಲವರಿಗೆ ಕನಸು, ಸಿಡುಕು ಸ್ವಲ್ಪ ಹೆಚ್ಚಾಗುವುದುಂಟು. ಅಲ್ಲಿಗೇ ಬಿಟ್ಟುಬಿಡಬೇಡಿ. ಮನೆಯವರಿಗೆ ಇದು ಮೊದಲೇ ಗೊತ್ತಿದ್ದರೆ ಆ ಎರಡು ವಾರ ದಾಟಿಸುತ್ತಾರೆ.

ಔಷಧಿಯಲ್ಲಿ ಸರ್ಟ್ರಾಲೀನ್, ಪ್ಯಾರಾಕ್ಸೆಟಿನ್, ವೆನ್ಲಾಫ್ಯಾಕ್ಸಿನ್‌ಗಳಿಗೆ ಆಧಾರವಿದೆ. ಫಲ ಕಾಣಲು ನಾಲ್ಕರಿಂದ ಆರು ವಾರ, ಪೂರ್ತಿ ತಿಳಿಯಲು ಇನ್ನೂ ಹೆಚ್ಚು. ಮೊದಲ ವಾರ ಹೊಟ್ಟೆ ತೊಳಸುವುದು, ಚಡಪಡಿಕೆ ಇರುತ್ತವೆ. ಚಡಪಡಿಕೆ ವಿಪರೀತವಾದರೆ ಕೂಡಲೇ ವೈದ್ಯರಿಗೆ ಹೇಳಿ. ಸುಧಾರಿಸಿತೆಂದು ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ಕಳವಳ. ಕನಸಿಗೆ ಪ್ರಜೋಸಿನ್ ಕೆಲವರಿಗೆ ಹಿಡಿಯುತ್ತದೆ, ಕೆಲವರಿಗಿಲ್ಲ, ಬಿ.ಪಿ. ಇಳಿಸುವುದರಿಂದ ಹಾಸಿಗೆಯಿಂದ ಏಳುವಾಗ ಒಂದು ನಿಮಿಷ ಕುಳಿತು ಏಳಬೇಕು. ಆಲ್ಪ್ರಜೋಲಾಂ, ಕ್ಲೋನಜೆಪಾಮ್, ಡಯಾಜೆಪಾಮ್‌ಗಳನ್ನು ಪರಿಚಯದ ಮೆಡಿಕಲ್ ಅಂಗಡಿಯಿಂದ ತಿಂಗಳುಗಟ್ಟಲೆ ತರಿಸಿಕೊಳ್ಳುವುದು ಬೇಡವೇ ಬೇಡ. ಪಿ.ಟಿ.ಎಸ್.ಡಿ. ಅವುಗಳಿಂದ ವಾಸಿಯಾಗದು, ಚಟವಾಗುತ್ತದೆ, ಮದ್ಯದ ಜೊತೆ ಸೇರಿದರೆ ಉಸಿರೇ ನಿಲ್ಲಬಹುದು. ತಿಂಗಳುಗಳಿಂದ ತೆಗೆದುಕೊಳ್ಳುತ್ತಿದ್ದರೆ ಒಮ್ಮೆಲೇ ಬಿಡಬಾರದು, ವೈದ್ಯರೇ ಇಳಿಸಬೇಕು.

ದೃಷ್ಟಿ ತೆಗೆಸುವುದು, ದೇವಸ್ಥಾನ, ದರ್ಗಾ, ಹರಕೆ ಇವುಗಳಿಂದ ಧೈರ್ಯ ಬರುವುದಾದರೆ ಬರಲಿ. ಹೊಡೆತ, ಉಪವಾಸ, ಸರಪಳಿ ಹೇಳುವ ಕಡೆ ಕಾಲಿಡಬೇಡಿ, ಅಲ್ಲಿಯವರ ಮಾತು ಕೇಳಿ ಮಾತ್ರೆಯನ್ನೂ ನಿಲ್ಲಿಸಬೇಡಿ.

ಸೇವೆಯಲ್ಲಿರುವವರ ದೊಡ್ಡ ಭಯ ಕೆಟಗರಿ, ಅಂದರೆ ಸೇನೆ ಕೊಡುವ ವೈದ್ಯಕೀಯ ಅರ್ಹತೆಯ ದರ್ಜೆ. ಶೇಪ್ ವರ್ಗೀಕರಣದ ಮೊದಲ ಅಕ್ಷರವೇ ಮನಸ್ಸಿನದು. ಅದರಲ್ಲಿ ಪೂರ್ಣ ಅರ್ಹತೆಯಾದ ಎಸ್-1 ಕಳೆದುಕೊಂಡರೆ ಬಡ್ತಿ, ಪೋಸ್ಟಿಂಗ್, ಕೋರ್ಸ್ ತೊಂದರೆಗೆ ಬೀಳುತ್ತವೆ ಎಂಬ ಆತಂಕ ಆಧಾರವಿಲ್ಲದ್ದಲ್ಲ. ಆದರೂ ಕೆಟಗರಿ ಕಾಯಂ ಅಲ್ಲ, ಮರುಪರೀಕ್ಷೆಯಲ್ಲಿ ಮೇಲೇರಿಸುವ ವ್ಯವಸ್ಥೆ ಇದೆ. ಬೇಗ ಆರ್.ಎಂ.ಓ. (ಪಲ್ಟನ್ನಿನ ವೈದ್ಯಾಧಿಕಾರಿ) ಹತ್ತಿರ ಹೋದವರಿಗೆ ಹಾಗೆ ಮರಳುವ ಸಾಧ್ಯತೆ ಹೆಚ್ಚು. ಆಯುಧದ ಜೊತೆ ಅನಾಹುತವಾದ ಮೇಲೆ ಹೋದವರಿಗೆ ಕಡಿಮೆ. ಹೆಸರು ಹೇಳದೆ ಮೊದಲ ಮಾತಾಡಬೇಕೆಂದರೆ ಟೆಲಿ ಮಾನಸ್ ಇದೆ: 14416, ಹಗಲುರಾತ್ರಿ, ಉಚಿತ, ಕನ್ನಡದಲ್ಲೂ. 2022ರ ಅಕ್ಟೋಬರಿನಲ್ಲಿ ಶುರುವಾದ ಇದಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶಕ ಸಂಸ್ಥೆ; ಸೇನೆಯವರಿಗಾಗಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ 2023ರ ಡಿಸೆಂಬರಿನಲ್ಲಿ ಪ್ರತ್ಯೇಕ ಘಟಕ ತೆರೆದಿದೆ.

ನಿವೃತ್ತರಿಗೆ ಇ.ಸಿ.ಎಚ್.ಎಸ್. (ಮಾಜಿ ಸೈನಿಕರ ಆರೋಗ್ಯ ಯೋಜನೆ) ಪಾಲಿಕ್ಲಿನಿಕ್ ಮೊದಲ ಬಾಗಿಲು. ಅಲ್ಲಿಂದ ರೆಫರಲ್ ಪಡೆದು ಪಟ್ಟಿಯಲ್ಲಿರುವ ಆಸ್ಪತ್ರೆಗೆ ಹೋದರೆ ಹಣ ಕಟ್ಟಬೇಕಿಲ್ಲ. ತುರ್ತಾದರೆ ನೇರವಾಗಿ ಹೋಗಬಹುದು. ಪಟ್ಟಿಯಲ್ಲಿಲ್ಲದ ಆಸ್ಪತ್ರೆಯಾದರೆ ಎರಡು ದಿನದೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಿ. ಸಿ.ಆರ್.ಪಿ.ಎಫ್., ಬಿ.ಎಸ್.ಎಫ್. ನಿವೃತ್ತರು ಇ.ಸಿ.ಎಚ್.ಎಸ್. ವ್ಯಾಪ್ತಿಗೆ ಬರುವುದಿಲ್ಲ, ಅವರು ಸಿ.ಜಿ.ಎಚ್.ಎಸ್. (ಕೇಂದ್ರ ಸರ್ಕಾರಿ ನೌಕರರ ಆರೋಗ್ಯ ಯೋಜನೆ) ಕಾರ್ಡ್ ಮಾಡಿಸಿಕೊಳ್ಳಬೇಕು. ಇದಾವುದೂ ಇಲ್ಲದಿದ್ದರೂ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಜಿಲ್ಲಾಸ್ಪತ್ರೆಯ ಮಾನಸಿಕ ವಿಭಾಗ ಇವೆ.

ಮೊದಲ ಭೇಟಿಗೆ ಒಂದು ಹಾಳೆ ಬರೆದು ಒಯ್ಯಿರಿ: ಎಲ್ಲೆಲ್ಲಿ ಪೋಸ್ಟಿಂಗ್, ಯಾವ ತಿಂಗಳು ಏನಾಯಿತು, ಸ್ಫೋಟದಿಂದ ಎಷ್ಟು ದೂರವಿದ್ದರು, ಪ್ರಜ್ಞೆ ತಪ್ಪಿತ್ತೇ, ನಿದ್ದೆ ಎಷ್ಟು ಗಂಟೆ, ಕುಡಿತ ಎಷ್ಟು, ಈಗಿನ ಮಾತ್ರೆಗಳು. ಹೆಂಡತಿ ಜೊತೆಗೆ ಬಂದು ಐದು ನಿಮಿಷ ಪ್ರತ್ಯೇಕವಾಗಿ ಮಾತಾಡಲಿ, ಆಕೆಯ ನಿದ್ದೆ, ಆಕೆಯ ಭಯವನ್ನೂ ಹೇಳಲಿ. ಕೈ ಎತ್ತುವ ಮಟ್ಟಕ್ಕೆ ಹೋಗಿದ್ದರೆ ಕಾಯಿಲೆಯೆಂದು ಸಹಿಸುವ ಅಗತ್ಯವಿಲ್ಲ. ಆಕೆ ಮತ್ತು ಮಕ್ಕಳು ತಕ್ಷಣ ಹೋಗಬಹುದಾದ ಮನೆ ಯಾವುದೆಂದು ಮೊದಲೇ ಗೊತ್ತುಮಾಡಿಕೊಂಡಿರಬೇಕು, ಚಿಕಿತ್ಸೆ ಅಲ್ಲಿಂದಲೂ ನಡೆಯುತ್ತದೆ. ಮಕ್ಕಳಿಗೆ ವಯಸ್ಸಿಗೆ ತಕ್ಕಂತೆ ಹೇಳಿ: ‘ಅಪ್ಪನಿಗೆ ಜೋರು ಸದ್ದು ಕೇಳಿದರೆ ಹಳೆಯ ಭಯ ಬರುತ್ತದೆ, ನೀನು ಮಾಡಿದ್ದರಿಂದ ಅಲ್ಲ, ಡಾಕ್ಟರು ನೋಡುತ್ತಿದ್ದಾರೆ.’ ಏನೂ ಹೇಳದಿದ್ದರೆ ಮಗು ತಾನೇ ಕಾರಣವೆಂದು ನಂಬಿಕೊಳ್ಳುತ್ತದೆ.

ಕಾಗದಗಳ ಫೈಲು ಒಂದೇ ಕಡೆ ಇರಲಿ. ಡಿಸ್ಚಾರ್ಜ್ ಬುಕ್, ಮಿಲಿಟರಿ ಆಸ್ಪತ್ರೆಯ ಚೀಟಿಗಳು, ಗಾಯದ ವರದಿ, ಬಿಡುಗಡೆಯ ಹೊತ್ತಿನ ವೈದ್ಯಕೀಯ ಮಂಡಳಿಯ ನಡಾವಳಿ, ಪಿ.ಪಿ.ಓ. (ಪಿಂಚಣಿ ಪಾವತಿ ಆದೇಶ), ಎಲ್ಲದರ ಮೂರು ನಕಲು. ಕಾಯಿಲೆ ಸೇವೆಯಿಂದ ಬಂತೇ, ಸೇವೆಯಿಂದ ಹೆಚ್ಚಿತೇ ಎಂದು ಆ ಮಂಡಳಿ ಬರೆಯುವ ಸಾಲಿನ ಮೇಲೆ ಅಂಗವೈಕಲ್ಯ ಪಿಂಚಣಿ ನಿಲ್ಲುತ್ತದೆ. ಹಾಗಾಗಿ ಬಿಡುಗಡೆಯ ಪರೀಕ್ಷೆಯ ದಿನ ‘ಎಲ್ಲ ಸರಿಯಿದೆ’ ಎಂದು ಸಹಿ ಹಾಕಿ ಮನೆಗೆ ಓಡುವ ಅವಸರ ಮಾಡದೆ, ನಿದ್ದೆ, ಕನಸು, ಕಿವಿಮೊರೆತ, ತಲೆಗೆ ಬಿದ್ದ ಪೆಟ್ಟು ಎಲ್ಲವನ್ನೂ ದಾಖಲಿಸಬೇಕು. ತಿರಸ್ಕಾರವಾದರೆ ಮೇಲ್ಮನವಿ ಇದೆ, ಅದಕ್ಕೆ ಗಡುವೂ ಇದೆ, ಅದರಾಚೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. ತಿರಸ್ಕಾರದ ಪತ್ರ ಬಂದ ತಾರೀಖನ್ನು ಲಕೋಟೆಯ ಮೇಲೆಯೇ ಬರೆದಿಟ್ಟು, ಆ ವಾರದಲ್ಲೇ ಜಿಲ್ಲಾ ಸೈನಿಕ ಕಚೇರಿಗೆ ಹೋಗಿ.